ಕುದುರೆ ಇಲ್ಲದ ಗ್ರಿಲ್

1968ರ 'ಬುಲಿಟ್' ಚಿತ್ರದ (ನಮ್ಮೂರ ಬುಲೆಟ್ ಬೈಕಲ್ಲ) ಹಸಿರು ಫೋರ್ಡ್ ಮಸ್ಟಾಂಗನ್ನು ಒಮ್ಮೆ ಎದುರಿನಿಂದ ನೋಡಿ. ಗ್ರಿಲ್ (ಮೂತಿಯ ಜಾಲರಿ) ನಡುವೆ ಓಡುತ್ತಿರಬೇಕಾದ ಲಾಂಛನದ ಕುದುರೆಯೇ ಇಲ್ಲ. ಮಸ್ಟಾಂಗ್ ಎಂದರೇ ಕಾಡುಕುದುರೆ. ಅದನ್ನೇ ಕಿತ್ತು, ಜಿಟಿ ಬಿಲ್ಲೆಗಳನ್ನೂ ತೆಗೆದು, ಗ್ರಿಲ್ಲಿಗೆ ಕಪ್ಪು ಬಳಿದು, ಕಾರನ್ನು ಸ್ಯಾನ್ ಫ್ರಾನ್ಸಿಸ್ಕೋದ ಏರುಬೀದಿಗಳಿಗೆ ಬಿಟ್ಟರು. ಹೆಸರು ಅಳಿಸಿಕೊಂಡೇ ಹೆಸರು ಮಾಡಿದ ಕಾರು ಇದು.

ಚಿತ್ರದಲ್ಲಿ ಹತ್ತು ನಿಮಿಷಕ್ಕೂ ಮೀರಿದ ಕಾರುಗಳ ಬೆನ್ನಟ್ಟುವಿಕೆಯಿದೆ. ಅದರಲ್ಲಿ ವೇಗ ಏರಿದ ಗಳಿಗೆಯಿಂದ ಸಂಗೀತ ಬಂದ್. ಆಮೇಲೆ ಕೇಳುವುದು 390 ಘನ ಇಂಚಿನ, ಅಂದರೆ ಸುಮಾರು 6.4 ಲೀಟರಿನ ವಿ8 (ಎಂಟು ಸಿಲಿಂಡರಿನ) ಇಂಜಿನ್ನಿನ ಗುಡುಗು ಮತ್ತು ಟಯರುಗಳ ಕಿರುಚಾಟ. ದಿಬ್ಬದ ತುದಿಯಿಂದ ಹಾರಿ ಬಿದ್ದಾಗ ಮುರಿಯದಿರಲೆಂದು ಸಸ್ಪೆನ್ಷನ್ನನ್ನು ಮೊದಲೇ ಗಟ್ಟಿಮಾಡಿದ್ದರು. ಒಂದೇ ಓಟವನ್ನು ಬೇರೆ ಬೇರೆ ಕಡೆಯಿಂದ ಚಿತ್ರಿಸಿ ಸಾಲಾಗಿ ಜೋಡಿಸಿದ್ದರಿಂದ ಒಂದು ಹಸಿರು ಬೀಟಲ್ ಕಾರು ಮತ್ತೆ ಮತ್ತೆ ಎದುರಾಗುತ್ತದೆ. ವೈರಿಯ ಕಪ್ಪು ಡಾಡ್ಜ್ ಚಾರ್ಜರಿನಿಂದ ಉದುರುವ ವೀಲ್ ಕ್ಯಾಪುಗಳಂತೂ ನಾಲ್ಕನ್ನೂ ದಾಟುತ್ತವೆ! ಚಕ್ರ ಎಷ್ಟೆಂದು ಎಣಿಸುವ ಪುರುಸೊತ್ತು ಯಾರಿಗಿದೆ?

ಪಾಂಟಿಯಾಕ್ ಕಾರು ಕಂಪನಿಯದು ಬೇರೆ ಪೇಚು. ಸಿನಿಮಾ ತಯಾರಾಗಲು ತಿಂಗಳುಗಟ್ಟಲೆ ಬೇಕು. ಈ ವರ್ಷದ ಕಾರು ಕೊಟ್ಟರೆ ಬಿಡುಗಡೆ ಹೊತ್ತಿಗೆ ಅದು ಹಳೇ ಮಾಡೆಲ್. ಹಾಗಾಗಿ 1977ರ 'ಸ್ಮೋಕಿ ಅಂಡ್ ದ ಬ್ಯಾಂಡಿಟ್'ಗೆ 1976ರ ಟ್ರಾನ್ಸ್ ಆ್ಯಮ್ ಕಾರುಗಳಿಗೇ ಮುಂದಿನ ವರ್ಷದ ಮುಖ ಕೂರಿಸಿದರು. ಎರಡು ದುಂಡು ದೀಪದ ಜಾಗಕ್ಕೆ ನಾಲ್ಕು ಚೌಕ ದೀಪ, ಅಷ್ಟೆ. ಕಪ್ಪು ಮೈ, ಚಿನ್ನದ ಗೆರೆ, ಬಾನೆಟ್ ತುಂಬ ರೆಕ್ಕೆ ಬಿಚ್ಚಿದ ಹಕ್ಕಿ. ಇಂಥ ಕಾರನ್ನು ಹಾರಿಸುವುದೂ ಸುಲಭವಲ್ಲ. ದೊಡ್ಡ ವಿ8ನ ಭಾರವೆಲ್ಲ ಮುಂದೆ ಇರುವುದರಿಂದ ಗಾಳಿಯಲ್ಲೇ ಮೂತಿ ಕೆಳಗಾಗುತ್ತದೆ. 'ದ ಡ್ಯೂಕ್ಸ್ ಆಫ್ ಹಜಾರ್ಡ್' ಟಿವಿ ಸರಣಿಯ ಡಾಡ್ಜ್ ಚಾರ್ಜರುಗಳಿಗೆ ಡಿಕ್ಕಿಯಲ್ಲಿ ಭಾರ ಹೇರಿ ಹಾರಿಸುತ್ತಿದ್ದರು. ಆದರೂ ನೆಲ ಮುಟ್ಟಿದ ಮೇಲೆ ಆ ಕಾರು ಸಾಮಾನ್ಯವಾಗಿ ಗುಜರಿಗೇ.

ತಮಾಷೆಯೆಂದರೆ, ಟ್ರಾನ್ಸ್ ಆ್ಯಮ್‌ನ ಬಾನೆಟ್ ಮೇಲೆ 6.6 ಲೀಟರ್ ಎಂದು ಮೆರೆಯುತ್ತಿದ್ದ ಆ ಇಂಜಿನ್ನಿನ ಶಕ್ತಿ ಹೆಚ್ಚೆಂದರೆ 200 ಕುದುರೆ. ಹೊಗೆಯ ಕಾನೂನು ಅದರ ಗಂಟಲು ಹಿಸುಕಿತ್ತು. ಆದರೂ 1976ರಲ್ಲಿ 46 ಸಾವಿರ ಚಿಲ್ಲರೆ ತಯಾರಾಗಿದ್ದ ಟ್ರಾನ್ಸ್ ಆ್ಯಮ್ 1979ರ ಹೊತ್ತಿಗೆ 1,17,000 ದಾಟಿತು. ಎಲ್ಲ ಶ್ರೇಯಸ್ಸೂ ಸಿನಿಮಾದ್ದೇ ಎನ್ನಲಾಗದು, ಎದುರಾಳಿಗಳೂ ಆಗ ಸೊರಗಿದ್ದರು. ಆದರೆ ಜನ ಕೊಂಡದ್ದು ವೇಗವನ್ನಲ್ಲ, ಆ ಹಕ್ಕಿಯನ್ನು.

ಶೆವ್ರೊಲೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಲ್ಲದ ಕಾರನ್ನೇ ತೋರಿಸಿತು. ಅದರ ಕಮಾರೋ ಕಾರಿನ ತಯಾರಿ 2002ರಲ್ಲೇ ನಿಂತುಹೋಗಿತ್ತು. 2007ರ 'ಟ್ರಾನ್ಸ್‌ಫಾರ್ಮರ್ಸ್'ನಲ್ಲಿ ಕಾರಾಗಿ ರೂಪ ಬದಲಿಸುವ ಹಳದಿ ರೋಬೋ ಬಂಬಲ್‌ಬೀ ಆಗಿ, ಕಮಾರೋ ವೇಷದಲ್ಲಿ ಓಡಿದ್ದು ಪಾಂಟಿಯಾಕ್ ಜಿಟಿಓ ಅಡಿಪಾಯದ ಮೇಲೆ ಹೊಸ ಮೈ ಹೊದಿಸಿದ ಕಾರು. ಶೋರೂಮಿಗೆ ನಿಜವಾದದ್ದು ಬಂದದ್ದು 2009ರಲ್ಲಿ. ನಿಶ್ಚಿತಾರ್ಥ ಮುಗಿಸಿ ಮದುವೆಯನ್ನು ಎರಡು ವರ್ಷ ಮುಂದೂಡಿದ ಹಾಗೆ!

ಇತ್ತ ಫೋರ್ಡ್ 2001, 2008 ಮತ್ತು 2019ರಲ್ಲಿ ಬುಲಿಟ್ ಹೆಸರಿನ ಮಸ್ಟಾಂಗ್‌ಗಳನ್ನೇ ಮಾರಿತು. ಕೊನೆಯ ಎರಡರ ಗ್ರಿಲ್ಲಿನಿಂದ ಕುದುರೆಯನ್ನು ಕಂಪನಿಯೇ ಬಿಟ್ಟುಬಿಟ್ಟಿತ್ತು. ಚಿತ್ರದ ಅಸಲಿ ಕಾರು 2020ರ ಜನವರಿಯಲ್ಲಿ ಫ್ಲಾರಿಡಾದ ಕಿಸಿಮಿಯಲ್ಲಿ ಹರಾಜಿಗೆ ಬಂದಾಗ ಕೂಗು 34 ಲಕ್ಷ ಡಾಲರಿಗೆ ನಿಂತಿತು. ಹೊಸ ಬಣ್ಣ ಬಳಿದಿರಲಿಲ್ಲ, ತುಕ್ಕು ತೆಗೆದಿರಲಿಲ್ಲ, ಕುದುರೆಯನ್ನೂ ಯಾರೂ ಮರಳಿ ಕೂರಿಸಿರಲಿಲ್ಲ.