ಅಪ್ಪಯ್ಯನ ಕೋವಿ ಯಾವತ್ತೂ ಗುಟ್ಟಾಗಿರಲಿಲ್ಲ

ಹೋದ ತಿಂಗಳು ಎದುರು ಮನೆಯಿಂದ ನನ್ನ ಮಗಳಿಗೆ ಕರೆ ಬಂತು. ಅವರ ಮೊಮ್ಮಗಳು ಇವಳ ಕ್ಲಾಸಿನವಳೇ. ಶನಿವಾರ ರಾತ್ರಿ ಅಲ್ಲೇ ಉಳಿದು ಆಡಿಕೊಳ್ಳಲಿ ಅಂದರು. ನನ್ನ ಹೆಂಡತಿ, ಇಲ್ಲಿ ಅಮೆರಿಕದ ಎಷ್ಟೋ ತಾಯಂದಿರು ಕೇಳುವ ಹಾಗೆ, ಒಂದು ಮಾತು ಕೇಳಿದಳು. ‘ಮನೆಯಲ್ಲಿ ಗನ್ ಇದೆಯಾ? ಬೀಗ ಹಾಕಿ ಇಟ್ಟಿದ್ದೀರಾ?’

ಆ ಮನೆಯ ಹಿರಿಯರ ಮುಖ ಸಪ್ಪೆಯಾಯಿತು. ‘ಅದನ್ನು ನಾನು ಸರ್ಕಾರಕ್ಕೇ ಹೇಳುವುದಿಲ್ಲ’ ಅಂದು ಒಳಗೆ ಹೋದರು.

ಇವರು ಕೆಟ್ಟವರಲ್ಲ. ಎರಡು ವರ್ಷದ ಹಿಂದೆ ನಾನು ಮಂಜಿನಲ್ಲಿ ಜಾರಿ ಕೈ ಮುರಿದುಕೊಂಡಾಗ ತಿಂಗಳಿಡೀ ನಮ್ಮ ಮನೆ ಮುಂದಿನ ಹಿಮ ತೆಗೆದವರು ಇವರೇ. ಅಂಥವರಿಗೆ ನಮ್ಮ ಪ್ರಶ್ನೆ ಚುಚ್ಚಿತು. ಅವರ ಉತ್ತರ ನನಗೆ ಚುಚ್ಚಿತು.

ನಾವಿರುವುದು ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ಹತ್ತಿರ. ಈ ರಾಜ್ಯದಲ್ಲಿ ಜಿಂಕೆ ಬೇಟೆ ಶುರುವಾಗುವ ಹೊತ್ತಿಗೆ ಶಾಲೆಗೇ ರಜೆ ಕೊಡುವ ಊರುಗಳಿವೆ. ಕೋವಿ ಇಲ್ಲಿಯವರಿಗೆ ಹೊಸದೇನಲ್ಲ. ಆದರೆ ಯಾರ ಹತ್ತಿರ ಯಾವ ಕೋವಿ ಇದೆ ಅನ್ನುವ ಪಟ್ಟಿಯನ್ನು ಸರ್ಕಾರ ಇಟ್ಟುಕೊಳ್ಳುವಂತಿಲ್ಲ ಅಂತ ರಾಜ್ಯದ ಕಾನೂನೇ ಹೇಳುತ್ತದೆ. ಅಂಗಡಿಯಲ್ಲಿ ಪಿಸ್ತೂಲು ಕೊಂಡರೆ ರಾಜ್ಯ ಪೊಲೀಸರಿಗೆ ಒಂದು ಕಾಗದ ಹೋಗುತ್ತದೆ, ಅಷ್ಟೆ. ಅದೂ ಪಟ್ಟಿಯೇ ಅಲ್ವಾ ಅಂತ ಕೋವಿ ಇಟ್ಟವರು ಕೋರ್ಟಿಗೆ ಹೋದರು. 2004ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು, ಅದು ಮಾರಾಟದ ದಾಖಲೆ ಮಾತ್ರ, ಎಲ್ಲ ಕೋವಿಗಳ ಪಟ್ಟಿ ಅಲ್ಲ ಅಂದಿತು. ನಮ್ಮ ಎದುರು ಮನೆಯವರಿಗೆ ಆ ತೀರ್ಪಿನ ಮೇಲೆ ಇವತ್ತಿಗೂ ಸಿಟ್ಟಿದೆ.

ಇಡೀ ದೇಶದ ಲೆಕ್ಕಕ್ಕೆ ಬಂದರೆ ಇನ್ನೂ ವಿಚಿತ್ರ. 1986ರ ಕಾನೂನಿನ ಪ್ರಕಾರ ಕೇಂದ್ರ ಸರ್ಕಾರ ಕೋವಿಗಳ ಪಟ್ಟಿ ಮಾಡುವ ಹಾಗಿಲ್ಲ. ಕೊಳ್ಳುವವನ ಹಿನ್ನೆಲೆ ನೋಡಿ ಸರಿ ಅಂತ ಬಿಟ್ಟ ಮೇಲೆ, ಆ ವಿವರವನ್ನು 24 ಗಂಟೆಯೊಳಗೆ ಅಳಿಸಬೇಕು. ತುಂಬಿದ ಫಾರಂ ಅಂಗಡಿಯವನ ಹತ್ತಿರವೇ ಉಳಿಯುತ್ತದೆ. ಅಂಗಡಿ ಮುಚ್ಚಿದರೆ ಮಾತ್ರ ಆ ಕಾಗದಗಳು ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನ ಸರ್ಕಾರಿ ಕಚೇರಿಗೆ ಹೋಗುತ್ತವೆ. ಅಲ್ಲಿ ಅವುಗಳ ಚಿತ್ರ ತೆಗೆದು ಇಡುತ್ತಾರೆ, ಆದರೆ ಹೆಸರು ಹಾಕಿ ಹುಡುಕುವಂತಿಲ್ಲ. ಕೊಲೆಯಾದ ಜಾಗದಲ್ಲಿ ಸಿಕ್ಕ ಕೋವಿ ಯಾರದ್ದು ಅಂತ ಗೊತ್ತಾಗಬೇಕಾದರೆ ತಯಾರಿಸಿದ ಕಂಪನಿಗೆ ಕೇಳಬೇಕು, ಅಲ್ಲಿಂದ ಸಗಟು ವ್ಯಾಪಾರಿ, ಅಲ್ಲಿಂದ ಅಂಗಡಿ. ಆ ಅಂಗಡಿ ಮುಚ್ಚಿಹೋಗಿದ್ದರೆ ಈ ಚಿತ್ರಗಳನ್ನು ಒಂದೊಂದಾಗಿ ತಿರುವುತ್ತಾ ಕೂರಬೇಕು. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ದೇಶ ಇದು.

ನಮ್ಮನೆ ಕೋವಿ ನೆನಪಾಯಿತು.

ತೀರ್ಥಹಳ್ಳಿ ಕಡೆ ನಮ್ಮ ಅಡಿಕೆ ತೋಟ. ಅಪ್ಪಯ್ಯನದ್ದು ಒಂಟಿ ನಳಿಕೆ ಕೋವಿ, ಬೆಳೆ ರಕ್ಷಣೆಗೆ ಅಂತ ತೆಗೆದುಕೊಂಡ ಲೈಸೆನ್ಸು. ಲೈಸೆನ್ಸು ಅಂದರೆ ಸಣ್ಣ ಪುಸ್ತಕ. ಮೊದಲ ಹಾಳೆಯಲ್ಲಿ ಅಪ್ಪಯ್ಯನ ಎಳೆ ಪ್ರಾಯದ ಫೋಟೋ, ಮೇಲೆ ಅರ್ಧ ಮುಖ ಮುಚ್ಚುವ ಹಾಗೆ ಸೀಲು. ಆಮೇಲೆ ಕೋವಿಯ ನಂಬರು. ಎಷ್ಟು ತೋಟೆ ತಂದರು, ಯಾವ ತಾರೀಕಿಗೆ ತಂದರು ಅಂತ ಅಂಗಡಿಯವನು ಬರೆದ ಸಾಲುಗಳು. ಅಮ್ಮ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಪಂಚಾಂಗದ ಜೊತೆ ಇಡುತ್ತಿದ್ದಳು. ಕೋವಿ ಜಗಲಿಯ ಒಳಗೋಡೆಯ ಗೂಟದಲ್ಲಿ ಇರುತ್ತಿತ್ತು. ಆಯುಧ ಪೂಜೆಗೆ ಕತ್ತಿ, ಗುದ್ದಲಿ ಜೊತೆ ಅದಕ್ಕೂ ಕುಂಕುಮ. ಮಂಗಗಳು ಎಳೆ ಅಡಿಕೆ ಚೀಪಿ ಬಿಸಾಡಲು ಶುರು ಮಾಡಿದರೆ ಅಪ್ಪಯ್ಯ ಗಾಳಿಯಲ್ಲಿ ಒಂದು ಈಡು ಹೊಡೆಯುತ್ತಿದ್ದರು. ನಾವು ಮಕ್ಕಳು ಖಾಲಿ ತೋಟೆ ಹುಡುಕಲು ಓಡುತ್ತಿದ್ದೆವು. ಬಿಸಿ ಆರದ ತೋಟೆಯ ಮದ್ದಿನ ವಾಸನೆ ಈಗಲೂ ಮೂಗಿನಲ್ಲಿದೆ.

ಆ ಕೋವಿ ಇರುವುದು ಊರಿಗೆಲ್ಲ ಗೊತ್ತಿತ್ತು. ಡಿಸಿ ಆಫೀಸಿಗೆ ಗೊತ್ತಿತ್ತು, ಠಾಣೆಗೆ ಗೊತ್ತಿತ್ತು. ಅದರಿಂದ ಅಪ್ಪಯ್ಯನ ಮರ್ಯಾದೆ ಕಮ್ಮಿಯಾಗಲಿಲ್ಲ. ಕೊಡಗಿನವರನ್ನು ನೋಡಿ. ಅಲ್ಲಿ ಆಯುಧಗಳ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿಗೆ ಹೂ ಮುಡಿಸಿ ಪೂಜೆ ಮಾಡುತ್ತಾರೆ. ಬ್ರಿಟಿಷರ ಕಾಲದಿಂದಲೂ ಕೊಡವರಿಗೆ, ಜಮ್ಮಾ ಅಂದರೆ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟು ಎತ್ತಿಹಿಡಿಯಿತು. ಲೈಸೆನ್ಸೇ ಬೇಕಿಲ್ಲದ ಆ ಜನವೂ ಕೋವಿಯನ್ನು ಅಡಗಿಸಿಡುವುದಿಲ್ಲ. ಮೈದಾನಕ್ಕೆ ತಂದು ತೆಂಗಿನಕಾಯಿಗೆ ಗುರಿ ಇಡುತ್ತಾರೆ.

ಅದಕ್ಕೇ ನನಗೆ ಇಲ್ಲಿಯವರ ಹಟ ಅರ್ಥವಾಗುವುದಿಲ್ಲ. ಕಾರಿಗೆ ನಂಬರ್ ಪ್ಲೇಟು ಹಾಕಿಕೊಂಡು ಓಡಾಡುತ್ತಾರೆ. ಮನೆ ಯಾರ ಹೆಸರಿನಲ್ಲಿದೆ, ಎಷ್ಟಕ್ಕೆ ಕೊಂಡರು ಅನ್ನುವುದನ್ನು ಕೌಂಟಿಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಜೀವ ತೆಗೆಯಬಲ್ಲ ವಸ್ತು ಮಾತ್ರ ಗುಟ್ಟು! ನನ್ನ ಮಗಳು ಏಳು ವರ್ಷದವಳು. ಯಾರಾದರೂ ಗನ್ ಹಿಡಿದು ಬಂದರೆ ಕತ್ತಲಲ್ಲಿ ಉಸಿರು ಬಿಗಿಹಿಡಿದು ಗೋಡೆಗೆ ಒತ್ತಿ ಕೂರುವುದನ್ನು ಶಾಲೆಯಲ್ಲಿ ಕಲಿತು ಬಂದಿದ್ದಾಳೆ. ನಾನು ಅವಳ ವಯಸ್ಸಿನಲ್ಲಿ ಖಾಲಿ ತೋಟೆ ಊದಿ ಸೀಟಿ ಹೊಡೆಯುತ್ತಿದ್ದೆ. ಸರ್ಕಾರ ಲೆಕ್ಕ ಇಟ್ಟುಕೊಳ್ಳಲಿ. ಲೆಕ್ಕ ಕೇಳಿದರೆ ಕಳ್ಳ ಅಂದ ಹಾಗಲ್ಲ.

ಆದರೂ ಒಂದು ಮಾತು ಒಪ್ಪಲೇಬೇಕು. ಪಟ್ಟಿ ಮಾಡಿದವರು ಅದನ್ನು ಕಾಪಾಡಲಿಲ್ಲ. 2012ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಪಕ್ಕದ ಎರಡು ಕೌಂಟಿಗಳಲ್ಲಿ ಪಿಸ್ತೂಲಿನ ಪರವಾನಗಿ ಇದ್ದವರ ಹೆಸರು, ವಿಳಾಸಗಳನ್ನು ಒಂದು ಪತ್ರಿಕೆ ನಕ್ಷೆ ಮಾಡಿ ಹಾಕಿತು. 2022ರಲ್ಲಿ ಕ್ಯಾಲಿಫೋರ್ನಿಯಾದ ಸರ್ಕಾರಿ ವೆಬ್‌ಸೈಟಿನಿಂದಲೇ ಪಿಸ್ತೂಲು ಜೊತೆಗಿಟ್ಟುಕೊಳ್ಳಲು ಅರ್ಜಿ ಹಾಕಿದ ಸುಮಾರು 1,92,000 ಜನರ ವಿವರ ಹೊರಬಿತ್ತು. ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬೇರೆ ಊರಿನಲ್ಲಿ ಬದುಕುತ್ತಿರುವ ಹೆಣ್ಣುಮಗಳ ವಿಳಾಸವೂ ಅಂಥ ಪಟ್ಟಿಯಲ್ಲಿ ಇರಬಹುದಲ್ಲ.

ನಮ್ಮೂರಿನ ಪಟ್ಟಿಯೂ ಅಷ್ಟೇನೂ ಚೆಂದದ್ದಲ್ಲ. ಚುನಾವಣೆ ಬಂದರೆ ಕೋವಿ ಠಾಣೆಗೆ ಕೊಡಬೇಕು. ಯಾರಿಂದ ಇಡಿಸಿಕೊಳ್ಳಬೇಕು ಅಂತ ನೋಡಲು ಜಿಲ್ಲೆಗೊಂದು ಸಮಿತಿ ಇದೆ. ಆದರೆ ನಮ್ಮ ಕಡೆ ಲೈಸೆನ್ಸಿನ ಪುಸ್ತಕ ಇರುವ ಎಲ್ಲರಿಗೂ ಫೋನ್ ಬರುತ್ತದೆ. ಎಪ್ಪತ್ತೆರಡು ವರ್ಷದ ಅಪ್ಪಯ್ಯ ಕೋವಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಹೋಗಬೇಕು. ಲೆಕ್ಕದಲ್ಲಿ ಇಲ್ಲದ ನಾಡಕೋವಿಯವನಿಗೆ ಯಾರೂ ಫೋನ್ ಮಾಡುವುದಿಲ್ಲ. 2024ರ ಲೋಕಸಭೆ ಚುನಾವಣೆ ಮುಗಿದು ವಾಪಸ್ ತಂದಾಗ ನಳಿಕೆಗೆ ತುಕ್ಕು ಹಿಡಿದಿತ್ತು. ‘ಮಂಗನಿಗೂ ಗೊತ್ತಾಗಿಬಿಟ್ಟಿದೆ ಮಾರಾಯ, ಎಲೆಕ್ಷನ್ ಅಂದರೆ ಇವನ ಕೈ ಖಾಲಿ ಅಂತ’ ಅಂದರು ಅಪ್ಪಯ್ಯ. ದನಿಯಲ್ಲಿ ನಗು ಇರಲಿಲ್ಲ.

ಇದನ್ನು ಎದುರು ಮನೆಯವರಿಗೆ ಹೇಳಿದೆ. ಅವರು ಬೇಲಿಗೆ ಒರಗಿ ಪೂರ್ತಿ ಕೇಳಿದರು. ‘ನಾವು ಹೆದರುವುದು ಇದಕ್ಕೇ’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ ‘ಬನ್ನಿ’ ಅಂತ ಕರೆದುಕೊಂಡು ಹೋಗಿ, ನೆಲಮಾಳಿಗೆಯ ಕಬ್ಬಿಣದ ಬೀರುವಿನ ಬೀಗ ತೆಗೆದು ತೋರಿಸಿದರು. ಮುಂದುಗಡೆ ಅವರ ಅಪ್ಪನ ಕಾಲದ ಒಂಟಿ ನಳಿಕೆ ಕೋವಿ ಇತ್ತು. ಎಣ್ಣೆ ಹಾಕಿ ಒರೆಸಿ ಇಟ್ಟಿದ್ದರು, ತುಕ್ಕಿನ ಒಂದು ಚುಕ್ಕೆಯೂ ಇರಲಿಲ್ಲ.

ಈ ಶನಿವಾರ ಮಗಳು ಅಲ್ಲಿ ಉಳಿಯುತ್ತಾಳೆ.