ಒಂದು ಏಕಾರದ ಜಗಳ

ಎರಡು ವರ್ಷಗಳ ಹಿಂದೆ ಓದಲೆಂದು ಒಯ್ದ ಪುಸ್ತಕವನ್ನು ದಯವಿಟ್ಟು ಹಿಂದಿರುಗಿಸಿ ಎಂದು ಮಿತ್ರರೊಬ್ಬರನ್ನು ಮೂರನೆಯ ಸಲ ಕೇಳಿದಾಗ, ಅವರು ನಸುನಕ್ಕು, ನಾವು ಧರ್ಮಶಾಸ್ತ್ರಕ್ಕೆ ಅಧೀನರಲ್ಲ, ಕೃಪೆಗೆ ಅಧೀನರು ಎಂದುಬಿಟ್ಟರು. ಬೈಬಲಿನಲ್ಲಿ, ಕ್ರೈಸ್ತಧರ್ಮದ ಆದಿ ಪ್ರಚಾರಕನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯದ ಮಾತು ಅದು; ಧರ್ಮಶಾಸ್ತ್ರವೆಂದರೆ ಅಲ್ಲಿ ಮೋಶೆಯ ಯೆಹೂದಿ ನಿಯಮಗಳು. ಒಯ್ದ ಪುಸ್ತಕವೂ ಅದೇ ಪೌಲನ ಗಲಾತ್ಯ ಪತ್ರಿಕೆಯ ವ್ಯಾಖ್ಯಾನವಾದ್ದರಿಂದ ನನ್ನ ಬಾಯಿ ಕಟ್ಟಿತು. ಉತ್ತರ ಹೊಳೆದದ್ದು, ಎಂದಿನಂತೆ, ಮನೆ ಸೇರಿದ ಮೇಲೆ: ಹಾಗಾದರೆ ಪಾಪ ಮಾಡಬಹುದೋ ಎಂದು ಮರುವಚನದಲ್ಲಿ ಪೌಲನು ತಾನೇ ಕೇಳಿ, ಎಂದಿಗೂ ಕೂಡದು ಎಂದು ತಾನೇ ಉತ್ತರಿಸಿದ್ದಾನೆ. ಮೊದಲ ವಚನವನ್ನು ಕಂಠಪಾಠ ಮಾಡಿದವರು ಈ ಎರಡನೆಯದರ ಗೊಡವೆಗೆ ಹೋಗಿರುವುದನ್ನು ನಾನು ಕಂಡದ್ದು ಕಡಿಮೆ.

ತಪ್ಪು ಪೂರಾ ಮಿತ್ರರದಲ್ಲ. ಧರ್ಮಶಾಸ್ತ್ರದ ಕ್ರಿಯೆಗಳಿಲ್ಲದೆ ಮನುಷ್ಯನು ನಂಬಿಕೆಯಿಂದ ನೀತಿವಂತನೆನಿಸುತ್ತಾನೆ ಎಂಬ ಪೌಲನ ವಾಕ್ಯವನ್ನು 1522ರಲ್ಲಿ ಜರ್ಮನ್ ಭಾಷೆಗೆ ತಂದ ಕ್ರೈಸ್ತ ಸುಧಾರಕ ಮಾರ್ಟಿನ್ ಲೂಥರನು, ಗ್ರೀಕ್ ಮೂಲದಲ್ಲಿಲ್ಲದ ‘ಅಲೈನ್’, ಅಂದರೆ ‘ಮಾತ್ರ’, ಎಂಬ ಪದವೊಂದನ್ನು ಅದರೊಳಗೆ ಸೇರಿಸಿದನು. ವಿರೋಧಿಗಳು ಗದ್ದಲವೆಬ್ಬಿಸಿದರು. 1530ರಲ್ಲಿ ಅವನು ಬಹಿರಂಗ ಪತ್ರವೊಂದನ್ನೇ ಬರೆದು, ರೈತನು ಧಾನ್ಯ ಮಾತ್ರ ತಂದಿದ್ದಾನೆ, ಹಣ ತಂದಿಲ್ಲ ಎನ್ನುವಾಗ ಜರ್ಮನ್ ಬಾಯಿಗೆ ಆ ‘ಮಾತ್ರ’ ಸಹಜವಾಗಿಯೇ ಬರುತ್ತದೆ ಎಂದು ವ್ಯಾಕರಣದ ಪಾಠ ಹೇಳಿದನು. ಅದೇ ಪತ್ರದಲ್ಲಿ ಅದಕ್ಕೂ ಮೊದಲೇ, ಡಾಕ್ಟರ್ ಮಾರ್ಟಿನ್ ಲೂಥರನ ಇಷ್ಟ ಹಾಗಿದೆ ಎಂದು ಹೇಳಿ ಎಂದು ಗದರಿಸಿಯೂ ಇದ್ದನು. ಶಾಸ್ತ್ರದ ಹಿಡಿತದಿಂದ ಮನುಷ್ಯನನ್ನು ಬಿಡಿಸಹೊರಟವನು ತನ್ನ ಇಷ್ಟವನ್ನೇ ಶಾಸ್ತ್ರ ಮಾಡಿದ ಈ ಸೊಗಸು ನನಗೆ ಬಹಳ ಪ್ರಿಯ. ಅವನು ಕನ್ನಡಿಗನಾಗಿದ್ದರೆ ಇಷ್ಟು ರಂಪಕ್ಕೆ ಎಡೆಯೇ ಇರುತ್ತಿರಲಿಲ್ಲವೇನೋ. ‘ನಂಬಿಕೆಯಿಂದ’ ಎಂಬುದನ್ನು ‘ನಂಬಿಕೆಯಿಂದಲೇ’ ಎಂದು ಬರೆದು ಮಸಿಕುಡಿಕೆ ಮುಚ್ಚಬಹುದಿತ್ತು. ಒಂದು ಏಕಾರವನ್ನು ಯಾರು ಲೆಕ್ಕವಿಡುತ್ತಾರೆ?

ಲೆಕ್ಕವಿಡುವವರು ಇದ್ದೇ ಇರುತ್ತಾರೆ, ನನ್ನಂಥವರು. ಹೊಸ ಒಡಂಬಡಿಕೆಯಲ್ಲಿ ‘ಬರಿಯ ನಂಬಿಕೆಯಿಂದ’ ಎಂಬ ನುಡಿ ನೇರವಾಗಿ ಬರುವುದು ಒಂದೇ ಕಡೆ, ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ. ಅದೂ, ಬರಿಯ ನಂಬಿಕೆಯಿಂದ ಅಲ್ಲ ಎಂದು ಹೇಳುವುದಕ್ಕೆ. ಲೂಥರನು ಈ ಪತ್ರಿಕೆಯನ್ನು ಹುಲ್ಲಿನ ಪತ್ರಿಕೆ ಎಂದು ಜರೆದದ್ದರಲ್ಲಿ ಆಶ್ಚರ್ಯವಿಲ್ಲ. ಪೌಲನೂ ಯಾಕೋಬನೂ ಸಾಕ್ಷಿಗೆ ಕರೆತರುವುದು ಒಬ್ಬನೇ ಅಬ್ರಹಾಮನನ್ನು, ಎತ್ತಿ ಹೇಳುವುದು ಆದಿಕಾಂಡದ ಒಂದೇ ವಚನವನ್ನು. ಸುನ್ನತಿಗೆ ಮೊದಲೇ ಅವನು ನಂಬಿದನಲ್ಲ ಎಂದು ಒಬ್ಬರು, ಮಗನನ್ನು ಯಜ್ಞವೇದಿಯ ಮೇಲಿಟ್ಟನಲ್ಲ ಎಂದು ಇನ್ನೊಬ್ಬರು. ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ 1547ರಲ್ಲಿ ಇದರ ಮೇಲೆ ತೀರ್ಪು ಕೊಟ್ಟಿತು. ಕ್ಯಾಥೊಲಿಕರೂ ಲೂಥರನ್ನರೂ ಆಗ್ಸ್‌ಬರ್ಗ್‌ನಲ್ಲಿ ಅದೇ ವಿಷಯದ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದ್ದು 1999ರಲ್ಲಿ. 452 ವರ್ಷಗಳಾದರೂ ಬೇಕಾದವು. ನನ್ನ ಪುಸ್ತಕದ ವಿಷಯದಲ್ಲಿ ಅಷ್ಟು ಕಾಯುವ ವ್ಯವಧಾನ ನನಗಿಲ್ಲ.

ನಂಬಿಕೆಗೂ ಶಾಸ್ತ್ರಕ್ಕೂ ಇರುವ ನಿಜವಾದ ಸಂಬಂಧವನ್ನು ಇಲ್ಲಿ ಬಿಡಿಸಿ ಹೇಳಬೇಕೆಂದಿದ್ದೆ. ಆದರೆ ಅದನ್ನು ವಿವರಿಸುವ ಅಧ್ಯಾಯ ಇರುವುದು ಆ ಪುಸ್ತಕದಲ್ಲಿ. ಕೃಪೆಯ ಮಾತನ್ನು ಕೊಡಬೇಕಾದವರೇ ಏಕೆ ಮೊದಲು ಎತ್ತುತ್ತಾರೆ, ಕೊಟ್ಟವರು ಏಕೆ ಎತ್ತುವುದಿಲ್ಲ ಎಂಬುದಕ್ಕೂ ಅಲ್ಲಿ ಏನಾದರೂ ಸಮಾಧಾನವಿದ್ದೀತು. ನಾಳೆ ನಾಲ್ಕನೆಯ ಸಲ ಕೇಳುವವನಿದ್ದೇನೆ. ಕಳೆದ ಮಳೆಗಾಲದಿಂದ ಆ ಮಿತ್ರರ ಕೊಡೆಯೊಂದು ನಮ್ಮ ಬಾಗಿಲ ಮೂಲೆಯಲ್ಲಿದೆ. ಆದರೆ ಅವರು ಅದನ್ನು ಒಮ್ಮೆಯೂ ಕೇಳಿಲ್ಲ.