ಆ 90 ಎಲ್ಲಿಂದ ಬಂತು ಸರ್?

ಎರಡು ದಿನದ ಶಿಕ್ಷಕರ ತರಬೇತಿ ಮುಗಿಸಿ ನಿನ್ನೆ ಸಂಜೆ ಮನೆಗೆ ಬಂದೆ. ತಲೆ ಇನ್ನೂ ಬಿಸಿ ಇದೆ, ಅದಕ್ಕೇ ಬರೀತಿದ್ದೀನಿ.

ತರಬೇತಿ ಅಂದ್ರೆ ಮೂಗು ಮುರಿಯುವವಳು ನಾನಲ್ಲ, ನಿಮಗೆ ಗೊತ್ತು. ಇಪ್ಪತ್ತೆರಡು ವರ್ಷ ಗಣಿತ ಹೇಳಿಕೊಟ್ಟ ಮೇಲೂ ಏನಾದರೂ ಹೊಸದು ಸಿಕ್ಕೀತು ಅಂತ ಪ್ರತಿ ಸಲ ಹೊಸ ನೋಟ್‌ಬುಕ್ ಹಿಡಿದು ಹೋಗುತ್ತೇನೆ. (ಕಪಾಟಿನಲ್ಲಿ ಅಂಥ ನೋಟ್‌ಬುಕ್ ಹದಿನಾಲ್ಕಿವೆ. ಎಲ್ಲದರಲ್ಲೂ ಮೊದಲ ಎರಡು ಪುಟ ಮಾತ್ರ ತುಂಬಿದೆ. ಮನೆಯವರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ.)

ಮೊದಲ ದಿನ ಮಧ್ಯಾಹ್ನ. ಪಲಾವ್, ಮೊಸರುಬಜ್ಜಿ ಆಗಿತ್ತು. ಹಿಂದಿನ ಸಾಲಿನಲ್ಲಿ ಇಬ್ಬರು ಮೇಷ್ಟ್ರು ಆಗಲೇ ತೂಕಡಿಸುತ್ತಿದ್ದರು. ಆಗ ಪರದೆ ಮೇಲೆ ಬಂತು ಆ ಪಿರಮಿಡ್. ನೀವೂ ನೋಡಿರುತ್ತೀರಿ. ಪಾಠ ಕೇಳಿದರೆ 5% ನೆನಪಿರುತ್ತೆ, ಓದಿದರೆ 10%, ವಿಡಿಯೋ ನೋಡಿದರೆ 20%, ಪ್ರಾತ್ಯಕ್ಷಿಕೆ 30%, ಚರ್ಚೆ 50%, ತಾನೇ ಮಾಡಿದರೆ 75%, ಬೇರೆಯವರಿಗೆ ಹೇಳಿಕೊಟ್ಟರೆ 90%. "ಸಂಶೋಧನೆ ಹೇಳುತ್ತದೆ" ಅಂದರು ಸಂಪನ್ಮೂಲ ವ್ಯಕ್ತಿ.

ಕೈ ಎತ್ತಿದೆ. "ಆ 90 ಎಲ್ಲಿಂದ ಬಂತು ಸರ್?"

"ರಿಸರ್ಚ್ ಮೇಡಂ. ಅಮೇರಿಕಾದ್ದು."

ಸಭೆ ನಕ್ಕಿತು. ನಾನು ಕೂತೆ. ಗಣಿತದವಳು ನೋಡಿ, ಸುಮ್ನೆ ಕೂರಲಾಗದೆ ಲೆಕ್ಕ ಹಾಕಿದೆ. ಅವರು ಎರಡು ಗಂಟೆ ಮಾತಾಡಿದರು, ನಾವು ಬರೀ ಕೇಳಿದೆವು. ಅವರ ಪಿರಮಿಡ್ಡೇ ನಿಜವಾದರೆ 120 ನಿಮಿಷದಲ್ಲಿ ನಮ್ಮ ತಲೆಗೆ ಹೋಗಿದ್ದು 6 ನಿಮಿಷದ ಮಾತು. ಉಳಿದ 114 ನಿಮಿಷದ ಓಡಾಟದ ಭತ್ಯೆ ಯಾವ ಲೆಕ್ಕಕ್ಕೆ ಬರೆಯೋದು?

ಆ ಚಿತ್ರದ ಕತೆ ಕೇಳಿ. ಎಡ್ಗರ್ ಡೇಲ್ ಅಂತ ಅಮೇರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದ ಪ್ರೊಫೆಸರ್. 1946ರಲ್ಲಿ ಪಾಠದಲ್ಲಿ ಚಿತ್ರ, ಸಿನಿಮಾ, ಧ್ವನಿ ಬಳಸುವ ಬಗ್ಗೆ ಒಂದು ಪುಸ್ತಕ ಬರೆದರು. ಅದರಲ್ಲಿ 'ಅನುಭವದ ಶಂಕು' ಅಂತ ಒಂದು ಚಿತ್ರ ಇತ್ತು. ಅಡಿಯಲ್ಲಿ ನೇರ ಅನುಭವ, ತುದಿಯಲ್ಲಿ ಬರೀ ಪದ. ಅದರಲ್ಲಿ ಪರ್ಸೆಂಟೇಜ್ ಒಂದೂ ಇರಲಿಲ್ಲ. ಇದನ್ನು ಅಕ್ಷರಶಃ ತಗೋಬೇಡಿ ಅಂತ ಅವರೇ ಎಚ್ಚರಿಸಿದ್ದರು. ಅಂಕಿಗಳನ್ನು ಆಮೇಲೆ ಯಾರೋ ಅಂಟಿಸಿದರು. ಅಮೇರಿಕದ ಒಂದು ತರಬೇತಿ ಸಂಸ್ಥೆ ಇದು ನಮ್ಮದು ಅಂದಿತು. ಮೂಲ ದಾಖಲೆ ಕೊಡಿ ಅಂತ ಕೇಳಿದವರಿಗೆ, ಅದು ನಮ್ಮ ಹತ್ತಿರ ಇಲ್ಲ ಅಂತ ಉತ್ತರ.

ಅಲ್ಲ, ಅಂಕಿಗಳ ಮುಖ ನೋಡಿದರೇ ತಿಳಿಯಬೇಕಲ್ವಾ? 5, 10, 20, 30, 50, 75, 90. ಯಾವ ಮಕ್ಕಳ ಪರೀಕ್ಷೆಯಲ್ಲಿ ಇಷ್ಟು ನೀಟಾದ ಅಂಕಿ ಬರುತ್ತೆ? ನನ್ನ ಕ್ಲಾಸಿನ ಸರಾಸರಿ ಯಾವತ್ತೂ 13.46, 11.82 ಅಂತ ಅಡ್ಡಾದಿಡ್ಡಿ ಇರುತ್ತೆ.

ಈಗ ಒಂದು ತಪ್ಪೊಪ್ಪಿಗೆ. ಈ ಪಿರಮಿಡ್ಡನ್ನು ನಾನೇ ಬರೆದಿದ್ದೇನೆ. ಬಿ.ಎಡ್. ಓದುವಾಗ, ಡ್ರಾಯಿಂಗ್ ಶೀಟ್ ಮೇಲೆ, ಏಳು ಬಣ್ಣದ ಸ್ಕೆಚ್ ಪೆನ್ನಲ್ಲಿ. ಒಳ್ಳೆ ಮಾರ್ಕ್ಸೂ ಬಂತು. ಅದೇ ವರ್ಷ ಕ್ರಿಯಾ ಸಂಶೋಧನೆ ಅಂತ ಒಂದು ಮಾಡಬೇಕಿತ್ತು. ಪೂರ್ವ ಪರೀಕ್ಷೆ ಮಾಡಿದೆ, ಸರಾಸರಿ 42. ಎರಡು ವಾರ 'ಚಟುವಟಿಕೆ ಆಧಾರಿತ ಬೋಧನೆ'. ಆಮೇಲಿನ ಪರೀಕ್ಷೆ ಹೊತ್ತಿಗೆ ಶಾಲೆಗೆ ರಜೆ ಬಂತು, ವರದಿ ಕೊಡೋಕೆ ಎರಡೇ ದಿನ ಉಳಿದಿತ್ತು. ಹಾಸ್ಟೆಲ್ ಮಂಚದ ಮೇಲೆ ಕೂತು 78 ಅಂತ ಬರೆದೆ. "ಬೋಧನಾ ವಿಧಾನ ಪರಿಣಾಮಕಾರಿ ಎಂದು ಸಾಬೀತಾಗಿದೆ." ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್ ಮಾಡಿಸಿ ಕೊಟ್ಟೆ. ಆ 78 ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಮೊನ್ನೆ ಕೈ ಎತ್ತುವಾಗ ಅದೂ ನೆನಪಾಗಿತ್ತು, ಸುಳ್ಳು ಯಾಕೆ ಹೇಳಲಿ.

ಎರಡನೇ ದಿನ ಇನ್ನೊಂದು. ಮಕ್ಕಳಲ್ಲಿ ಮೂರು ಜಾತಿ ಅಂತೆ: ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು. ನಮ್ಮ ಕೈಗೂ ಹಾಳೆ ಕೊಟ್ಟು ಟಿಕ್ ಹಾಕಿಸಿದರು. ನಾನು 'ಕೇಳಿ ಕಲಿಯುವವಳು' ಅಂತ ಬಂತು. ಮನೆಯವರಿಗೆ ಹೇಳಿದರೆ ಹೊಟ್ಟೆ ಹಿಡಿದು ನಕ್ಕರು. 2008ರಲ್ಲಿ ಪಾಶ್ಲರ್ ಮತ್ತು ಜೊತೆಯವರು, ನಾಲ್ಕು ಜನ ಮನಶ್ಶಾಸ್ತ್ರಜ್ಞರು, ಈ ವಿಷಯದ ಅಧ್ಯಯನಗಳನ್ನೆಲ್ಲ ಜಾಲಾಡಿದರು. ಮಗುವಿನ 'ಶೈಲಿ'ಗೆ ತಕ್ಕಂತೆ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತೆ ಅನ್ನೋದಕ್ಕೆ ಸರಿಯಾದ ಪುರಾವೆ ಇಲ್ಲ ಅಂದರು. ನಮ್ಮ ಹಾಳೆಗೆ ಅದು ಇನ್ನೂ ತಲುಪಿಲ್ಲ.

ಊಟದ ಹೊತ್ತಲ್ಲಿ ಪಕ್ಕದ ಶಾಲೆಯ ಮೇಷ್ಟ್ರು ಹೇಳಿದರು. "ಹೋಗ್ಲಿ ಬಿಡಿ ಮೇಡಂ, ಅಂಕಿ ಸುಳ್ಳಾದರೇನು, ಉದ್ದೇಶ ಒಳ್ಳೇದಲ್ವಾ? ಮಕ್ಕಳ ಕೈಲಿ ಮಾಡಿಸಿ ಅಂತ ತಾನೇ?" ಮೇಷ್ಟ್ರು ಒಳ್ಳೆಯವರು. ಆದರೆ ಒಳ್ಳೆ ಉದ್ದೇಶಕ್ಕೆ ಸುಳ್ಳು ಅಂಕಿ ಯಾಕೆ ಬೇಕು? 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ನಲಿ-ಕಲಿ, ಅಂದ್ರೆ ಸಣ್ಣ ಮಕ್ಕಳು ಚಟುವಟಿಕೆ ಮಾಡುತ್ತಾ ಕಲಿಯುವ ಪದ್ಧತಿ, ಶುರುವಾದದ್ದು ಪಿರಮಿಡ್ ನೋಡಿ ಅಲ್ಲ. ಅಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ, ಕಾರ್ಡು ಹಿಡಿದು ತಾವೇ ಕಲಿಯುವ ಮಕ್ಕಳನ್ನು ಕಣ್ಣಾರೆ ನೋಡಿ ಬಂದರು. ಬಂದು ತಮ್ಮ ಶಾಲೆಗೆ ತಕ್ಕ ಹಾಗೆ ಮಾಡಿಕೊಂಡರು. ಅದು ರಾಜ್ಯಕ್ಕೆಲ್ಲ ಹಬ್ಬಿದ ಮೇಲೆ ಏನಾಯಿತು ಅನ್ನೋ ಜಗಳ ಬೇರೆ, ಇವತ್ತು ಬೇಡ.

ನನ್ನ ಹೊಟ್ಟೆಯುರಿ ಬೇರೆ ಇದೆ. ನಿಜವಾದ ಸಂಶೋಧನೆ ಇಲ್ಲದಿದ್ದರೆ ಈ ಸುಳ್ಳನ್ನಾದರೂ ಸಹಿಸಿಕೊಳ್ಳಬಹುದಿತ್ತು. ಇದೆಯಲ್ಲ! ಮೌಲ್ಯಮಾಪನದ ಬಗ್ಗೆಯೇ ಇದೆ. 1988ರಲ್ಲಿ ರೂತ್ ಬಟ್ಲರ್ ಅನ್ನುವ ಸಂಶೋಧಕಿ ಇಸ್ರೇಲಿನ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಗುಂಪಿಗೆ ಬರೀ ಅಂಕ. ಇನ್ನೊಂದಕ್ಕೆ ಬರೀ ಷರಾ, ಅಂದ್ರೆ ಎಲ್ಲಿ ಸರಿ, ಎಲ್ಲಿ ತಿದ್ದಬೇಕು ಅನ್ನುವ ಮಾತು. ಮೂರನೆಯದಕ್ಕೆ ಎರಡೂ. ಷರಾ ಮಾತ್ರ ಸಿಕ್ಕ ಮಕ್ಕಳು ಮುಂದೆ ಬಂದರು, ಆಸಕ್ತಿಯನ್ನೂ ಉಳಿಸಿಕೊಂಡರು. ಎರಡೂ ಸಿಕ್ಕವರಿಗೆ ಆ ಲಾಭ ಆಗಲಿಲ್ಲ. ಅಂಕ ಷರಾವನ್ನು ನುಂಗಿ ಹಾಕಿತು.

ನಾನಿದನ್ನು ಹೋದ ವರ್ಷ ಓದಿ, ಎಂಟನೇ ಕ್ಲಾಸಿನ ಒಂದು ವಿಭಾಗದಲ್ಲಿ ಮಾಡಿ ನೋಡಿದೆ. ಇದು ಸಂಶೋಧನೆ ಅಲ್ಲ, ಒಂದು ಕ್ಲಾಸಿನ ಕತೆ ಅಷ್ಟೇ. 78 ಅಂತ ಮತ್ತೆ ಬರೆಯಲ್ಲ ನಾನು. ಒಬ್ಬ ಹುಡುಗ 1/2 + 1/3 = 2/5 ಅಂತ ಬರೆದಿದ್ದ. ಮೇಲಿನದು ಮೇಲಿನದಕ್ಕೆ, ಕೆಳಗಿನದು ಕೆಳಗಿನದಕ್ಕೆ. ಯಾವಾಗಲೂ ಕೆಂಪು ಪೆನ್ನಲ್ಲಿ ತಪ್ಪು ಹಾಕಿ ಸೊನ್ನೆ ಕೊಡುತ್ತಿದ್ದೆ. ಈ ಸಲ ಬರೆದೆ: "ಅರ್ಧ ರೊಟ್ಟಿ ಇದೆ. ಅದಕ್ಕೆ ಇನ್ನೊಂದು ಚೂರು ಸೇರಿಸಿದೆ. ಈಗ ಇರೋದು ಅರ್ಧಕ್ಕಿಂತ ಕಮ್ಮಿನಾ?"

ನೋಟ್‌ಬುಕ್ ಹಿಡಿದು ಬಂದ. "ಮಿಸ್, ಮಾರ್ಕ್ಸ್ ಎಷ್ಟು?"

"ಮಾರ್ಕ್ಸ್ ಇಲ್ಲ ಕಣೋ. ರೊಟ್ಟಿ ನೋಡು."

ಮುಖ ಊದಿಸಿಕೊಂಡು ಹೋದ. ಮಾರನೇ ದಿನ ಪ್ರಾರ್ಥನೆಗೂ ಮುಂಚೆ ಸ್ಟಾಫ್‌ರೂಮ್ ಬಾಗಿಲಲ್ಲಿ ನಿಂತಿದ್ದ. ಪುಟದಲ್ಲಿ ಒಂದು ಸೊಟ್ಟ ರೊಟ್ಟಿ, ಆರು ಭಾಗ, ಐದಕ್ಕೆ ಪೆನ್ಸಿಲ್ ಬಣ್ಣ. ಕೆಳಗೆ 5/6. ಪಕ್ಕದ ವಿಭಾಗದಲ್ಲಿ ಇಂಥದೇ ಷರಾ ಜೊತೆಗೆ ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸೂ ಹಾಕಿದ್ದೆ. ಅವರು ಮಾರ್ಕ್ಸ್ ನೋಡಿದರು, ಪಕ್ಕದವನದ್ದು ಇಣುಕಿದರು, ಪುಸ್ತಕ ಮುಚ್ಚಿದರು. ಮುಗೀತು.

ಆದರೆ ಎಷ್ಟು ದಿನ ಮಾಡೋಕಾಗುತ್ತೆ? ವರ್ಷಕ್ಕೆ ನಾಲ್ಕು ಎಫ್‌ಎ, ಎರಡು ಎಸ್‌ಎ (ಸಂಕಲನಾತ್ಮಕ ಮೌಲ್ಯಮಾಪನ, ಅಂದ್ರೆ ದೊಡ್ಡ ಪರೀಕ್ಷೆ). ಪ್ರತಿಯೊಂದಕ್ಕೂ ಅಂಕ, ವಹಿ, ಆಮೇಲೆ ಇಲಾಖೆಯ ಆನ್‌ಲೈನ್ ದಾಖಲೆ ಸ್ಯಾಟ್ಸ್‌ಗೆ ಎಂಟ್ರಿ, ಸರ್ವರ್ ಸತ್ತಿದ್ದರೆ ರಾತ್ರಿ ಹನ್ನೊಂದಕ್ಕೆ. ಎಫ್‌ಎ ಅಂದ್ರೆ ರೂಪಣಾತ್ಮಕ ಮೌಲ್ಯಮಾಪನ. ಕಲಿಯುತ್ತಿರುವಾಗಲೇ ಮಗುವನ್ನು ತಿದ್ದೋಕೆ ಅಂತ ಹುಟ್ಟಿದ್ದು. 1998ರಲ್ಲಿ ಲಂಡನ್ನಿನ ಬ್ಲ್ಯಾಕ್ ಮತ್ತು ವಿಲಿಯಮ್ ಅದರ ಬಗ್ಗೆ ನೂರಾರು ಅಧ್ಯಯನಗಳನ್ನು ಓದಿ ಬರೆದಿದ್ದರ ತಿರುಳೂ ಅದೇ. ನಾವು ಅದನ್ನು 15 ಅಂಕದ ಸಣ್ಣ ಪರೀಕ್ಷೆ ಮಾಡಿ ನಾಲ್ಕು ಸಲ ಇಟ್ಟೆವು. ತಿದ್ದೋದು ಹೋಯ್ತು, ತುಂಬೋದು ಉಳೀತು.

ಹಾಗಂತ ಪರೀಕ್ಷೆಯೇ ಬೇಡ ಅನ್ನೋ ಗುಂಪಿಗೂ ನಾನು ಸೇರಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಮನಶ್ಶಾಸ್ತ್ರಜ್ಞರು ತೋರಿಸಿದ್ದು ಚೆನ್ನಾಗಿದೆ. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ಒಂದು ಸಲ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟು ಬರೆದವರು ಒಂದು ವಾರದ ನಂತರ ಮುಂದಿದ್ದರು. ನಮ್ಮ ಅಜ್ಜಿ ಸಂಜೆ ದೀಪ ಹಚ್ಚಿ ಮಗ್ಗಿ ಒಪ್ಪಿಸು ಅಂತ ಕೂರಿಸುತ್ತಿದ್ದದ್ದು ಇದನ್ನೇ. ಅಜ್ಜಿ ಮಾರ್ಕ್ಸ್ ಕೊಡುತ್ತಿರಲಿಲ್ಲ. ತಪ್ಪಿದರೆ ತಲೆಗೊಂದು ಮೊಟಕುತ್ತಿದ್ದಳು, ಅದು ಬೇರೆ.

ನಿನ್ನೆ ಕೊನೆಗೆ ಹಿಮ್ಮಾಹಿತಿ ನಮೂನೆ ಕೊಟ್ಟರು. "ತರಬೇತಿ ಎಷ್ಟು ಪರಿಣಾಮಕಾರಿಯಾಗಿತ್ತು? 1ರಿಂದ 5." ಸುತ್ತು ಹಾಕೋಕೆ ಅಂಕಿ ಇತ್ತು, ಬರೆಯೋಕೆ ಒಂದು ಗೆರೆಯೂ ಇರಲಿಲ್ಲ. ಹಾಳೆ ತಿರುಗಿಸಿ ಹಿಂದೆ ಅರ್ಧ ಪುಟ ಬರೆದೆ: ಡೇಲ್, 1946, ಆ 90, ಎಲ್ಲ. ಕೊಡೋಕೆ ಹೋದಾಗ ಸಂಪನ್ಮೂಲ ವ್ಯಕ್ತಿ ಎರಡೂ ಕಡೆ ತಿರುಗಿಸಿ ನೋಡಿದರು. ಪಾಪ, ಅವರಿಗೂ ಮೇಲಿನಿಂದ ಬಂದ ಸ್ಲೈಡೇ ಇರಬೇಕು.

"ಚೆನ್ನಾಗಿ ಬರೆದಿದ್ದೀರಿ ಮೇಡಂ. ಆದರೆ ಇದಕ್ಕೆ ಸಾಫ್ಟ್‌ವೇರ್‌ನಲ್ಲಿ ಕಾಲಂ ಇಲ್ಲ. ಒಂದು ನಂಬರ್ ಹಾಕಿಕೊಡಿ."

4 ಹಾಕಿದೆ. ಪಲಾವ್ ಚೆನ್ನಾಗಿತ್ತು.